ಮಲ್ಲಣ್ಣನ ಕಣ್ಣಿನೊಳಗಿನ ಧೂಳು

ಡಾಕ್ಟರಮ್ಮ ಬೆರಳು ಎತ್ತಿ ತೋರಿಸುವ ತನಕ ಚಂದಮ್ಮನಿಗೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ. ಮೊದಲು ಕಿಟಕಿಗೆ ಕರಿ ಕಂಬಳಿ ಇಳಿಬಿಡಬೇಕು. ಆಮೇಲೆ ಗಂಡನ ಕಣ್ಣಿನ ಪಟ್ಟಿ ಬಿಚ್ಚಬೇಕು. ಮೆಹರುನ್ನಿಸಾ ಡಾಕ್ಟರು ಕೈದೀಪದ ಸಣ್ಣ ಸೀಳಿನಿಂದ ಅವನ ಎಡಗಣ್ಣಿಗೆ ಬೆಳಕನ್ನು ಓರೆಯಾಗಿ ಬಿಟ್ಟು, ಮಸೂರದ ಹಿಂದೆ ಉಸಿರು ಬಿಗಿಹಿಡಿದು ನೋಡಬೇಕು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲುಕೋಲು ಬಿದ್ದಾಗ ಅದರಲ್ಲಿ ಧೂಳು ಆಡುತ್ತದಲ್ಲ, ಉರಿಯೆದ್ದ ಕಣ್ಣಿನ ನೀರಿನಲ್ಲೂ ಹಾಗೇ ಕಣಗಳು ತೇಲುತ್ತವಂತೆ. ಧೂಳು ಕಿಕ್ಕಿರಿದಿದ್ದರೆ ನಾಲ್ಕು ಬೆರಳು, ತೆಳುವಾದರೆ ಮೂರು, ಎರಡು. ಒಂದಕ್ಕೆ ಇಳಿದ ದಿನ ಕಣ್ಣು ತಣ್ಣಗಾಯಿತೆಂದು ಲೆಕ್ಕ.

ಕಮಲಾಪುರದ ಮಲ್ಲಣ್ಣನಿಗೆ ಇದ್ದದ್ದೇ ಅದೊಂದು ಕಣ್ಣು. ಬಲಗಣ್ಣನ್ನು ಚಿಕ್ಕಂದಿನಲ್ಲೇ ಸಿಡುಬು ತಿಂದುಹಾಕಿತ್ತು. ಉಳಿದ ಎಡಗಣ್ಣಿನ ಮೇಲೆ ಬೇಸಿಗೆಯಲ್ಲಿ ರಜಾಕಾರರ ಲಾಠಿ ಬಿತ್ತು. ಕೆಂಪು ಬಾಳೆಗೊನೆ ತುಂಬಿದ ಬಂಡಿಯನ್ನು ಬಿಟ್ಟುಕೊಡೆನೆಂದು ಹಗ್ಗ ಹಿಡಿದು ನಿಂತದ್ದೇ ಅವನ ತಪ್ಪು. ಬಾವು ಇಳಿದರೆ ಸಾಕು ಎಂದುಕೊಂಡು ಮನೆಯವರು ಹರಳೆಣ್ಣೆ ಬಿಟ್ಟರು, ಆಡಿನ ಹಾಲು ಬಿಟ್ಟರು, ಯಾರೋ ಹೇಳಿದರೆಂದು ಉಳ್ಳಾಗಡ್ಡಿ ರಸವನ್ನೂ ಬಿಟ್ಟರು. ನೋಟದ ಅಂಚಿನಲ್ಲಿ ಕೆಳಗಿನಿಂದ ಒಂದು ನೆರಳು ಏರಿ ಬರತೊಡಗಿದಾಗ ಮನೆಮದ್ದು ನಿಲ್ಲಿಸಿದರು. ಅಷ್ಟರಲ್ಲಿ ಹಿಂದೂಸ್ತಾನದ ಫೌಜು ಬಂದು, ನಿಜಾಮರು ಶರಣಾಗಿ, ರಜಾಕಾರರು ದಿಕ್ಕಾಪಾಲಾಗಿದ್ದರು. ಚಂದಮ್ಮ ಗಂಡನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಕಲಬುರಗಿಗೆ ಬಂದಳು.

ನಿಜಾಮರ ಅತಿಥಿಗೃಹ ಐವಾನ್-ಎ-ಶಾಹಿಯ ಹತ್ತಿರ ಮೆಹರುನ್ನಿಸಾ ಡಾಕ್ಟರ ಮನೆ. ಅವರು ಕಣ್ಣು ನೋಡಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ನೋಟದ ಪರದೆ ಮೇಲ್ಗಡೆ ಕಿತ್ತಿದೆ, ಹಸಿ ಗೋಡೆಯ ಸುಣ್ಣ ಎದ್ದು ಬಂದ ಹಾಗೆ. ಬಿಸಿ ಸೂಜಿಯಿಂದ ಅದನ್ನು ಮತ್ತೆ ಅಂಟಿಸಬಹುದು. ಆದರೆ ಇಷ್ಟು ಉರಿ ಇರುವಾಗ ಸೂಜಿ ಹಾಕಿದರೆ ಕಣ್ಣೇ ಸುಟ್ಟುಹೋಗುತ್ತದೆ. ಉರಿ ಇಳಿಯುವವರೆಗೆ ಅಂಗಾತ ಮಲಗಿರಬೇಕು. ಎದ್ದು ನಿಂತರೆ ಕಿತ್ತ ಪರದೆ ಜೋತುಬಿದ್ದು ನಟ್ಟನಡುವಿನ ನೋಟವನ್ನೂ ಎಳೆದುಕೊಂಡು ಬರುತ್ತದೆ.

ಹೀಗಾಗಿ ಡಾಕ್ಟರ ಮನೆಯಲ್ಲೇ ಮಲಗಿದ ಮಲ್ಲಣ್ಣನ ತಲೆಯ ಎರಡೂ ಬದಿಗೆ ಉಸುಕಿನ ಚೀಲ ಬಂದವು. ಒಂದು ಕಣ್ಣು ಹೊರಳಿದರೆ ಇನ್ನೊಂದೂ ಹೊರಳುತ್ತದೆಂದು ಎರಡೂ ಕಣ್ಣಿಗೆ ಪಟ್ಟಿ ಬಿತ್ತು. ಸತ್ತ ಕಣ್ಣಿಗೆ ಯಾತರ ಪಟ್ಟಿ ಎಂದು ಚಂದಮ್ಮ ಮುಖ ಸಿಂಡರಿಸಿದ್ದಳು. ಡಾಕ್ಟರು ಕೂಡಿಸಿಕೊಂಡು ಹೇಳಿದಾಗ ತಲೆಯಾಡಿಸಿದಳು. ಆದರೆ ತಲೆಯಾಡಿಸುವುದು ಬೇರೆ, ನಂಬುವುದು ಬೇರೆ.

ಚಂದಮ್ಮನ ಬಾಯಿ ಕಮಲಾಪುರದ ಸಂತೆಗೆಲ್ಲ ಗೊತ್ತಿದ್ದ ಬಾಯಿ. ಒಂದು ದಿನ ಎರಡಕ್ಕೆ ಇಳಿದಿದ್ದ ಬೆರಳು ಮರುದಿನ ಮತ್ತೆ ಮೂರಾಯಿತು. ಆ ಸಿಟ್ಟು ನೆತ್ತಿಗೇರಿಸಿಕೊಂಡೇ ಅವಳು ಬಜಾರಕ್ಕೆ ಹೋದಳು. ಅಲ್ಲಿ ಬಾಳೆಹಣ್ಣು ಮಾರಲು ಬಂದಿದ್ದ ಊರಿನ ಮಾಪಣ್ಣ ಸಿಕ್ಕ.

"ಏನ ಹೇಳ್ಲೋ ಮಾಪಣ್ಣ. ಇದ್ದೊಂದು ಕಣ್ಣಿಗೂ ಪಟ್ಟಿ ಕಟ್ಟಿ ಕತ್ತಲದಾಗ ಕೆಡವ್ಯಾಳ. ಏನ್ ಔಷಧ ಹಾಕ್ತಾಳೋ, ಕಣ್ಣಗೊಂಬಿ ಬೆಕ್ಕಿನ ಕಣ್ಣಿನಂಗ ಅಗಲಾಗ್ಯದ. ನಮ್ಮವರ ಕಣ್ಣ ಕೈಬಿಟ್ಟಂಗೇ ಅಂತ ತಿಳ್ಕೋ."

ಹೇಳಿ ಹಗುರಾದಳು, ಮರೆತೂ ಬಿಟ್ಟಳು. ಮಾತು ಮಾತ್ರ ಮಾಪಣ್ಣನ ಬಂಡಿ ಹತ್ತಿತು. ನಡುದಾರಿಯ ಮಹಾಗಾಂವ ದಾಟುವಷ್ಟರಲ್ಲಿ ಕಣ್ಣು ಹೋಗಿಯೇ ಬಿಟ್ಟಿತ್ತು. ಕಮಲಾಪುರ ಮುಟ್ಟುವಷ್ಟರಲ್ಲಿ ರಜಾಕಾರರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವರದೇ ಕೋಮಿನ ಡಾಕ್ಟರಮ್ಮ ಮುಗಿಸಿದ್ದಳು. ಆ ತಿಂಗಳು ಇಂಥ ಮಾತಿಗೆ ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ. ಊರೂರಿನಲ್ಲಿ ಹಳೆಯ ಸಿಟ್ಟಿಗೆ ಹೊಸ ಧೈರ್ಯ ಬಂದಿತ್ತು, ಏಟು ಕೊಟ್ಟವರು ಸಿಗದಿದ್ದಲ್ಲಿ ಸಿಕ್ಕವರಿಗೆ ಏಟು ಬೀಳುತ್ತಿತ್ತು.

ಡಾಕ್ಟರ ಓಣಿಯೇ ಅರ್ಧ ಖಾಲಿಯಾಗಿತ್ತು. ಅವರ ತಾಯಿ ಇಕ್ಬಾಲ್ ಬೇಗಂ ಟ್ರಂಕು ಕಟ್ಟಿಕೊಂಡು ಕೂತಿದ್ದರು, ಹೈದರಾಬಾದಿಗೆ ಹೋಗೋಣ ನಡಿ ಎಂದು ಹೊತ್ತುಹೊತ್ತಿಗೆ ಮಗಳ ಜೀವ ತಿನ್ನುತ್ತಿದ್ದರು. "ಈ ಕಣ್ಣೊಂದು ಆಗಲಿ ಅಮ್ಮೀ," ಎನ್ನುವುದು ಮಗಳ ಉತ್ತರ. ಅದನ್ನು ಕೇಳಿದಾಗಲೆಲ್ಲ ಚಂದಮ್ಮನಿಗೆ ಮರೆತಿದ್ದ ಬಜಾರದ ಮಾತು ನೆನಪಾಗಿ ಚುಚ್ಚುತ್ತಿತ್ತು.

ಆವತ್ತು ಬೆಳಿಗ್ಗೆ ಡಾಕ್ಟರು ಬಹಳ ಹೊತ್ತು ನೋಡಿದರು. ದೀಪ ಆರಿಸಿ ಒಂದೇ ಬೆರಳು ಎತ್ತಿದರು.

"ಒಂದರೀ?" ಎಂದಳು ಚಂದಮ್ಮ. ನಂಬಿಕೆಯಾಗಲಿಲ್ಲ.

"ಒಂದ. ನಾಳಿ ಮುಂಜಾನಿ ದವಾಖಾನಿಗೆ ಹೊತ್ತು ಒಯ್ಯೂಣು. ಸರ್ಜನ್ ಸಾಹೇಬರಿಗೆ ಹೇಳಿ ಕಳಸ್ತೀನಿ. ಇವತ್ತೊಂದು ದಿನ ಹುಷಾರ್, ಕೆಮ್ಮೂದೂ ಬ್ಯಾಡ."

ಚಂದಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮಲ್ಲಣ್ಣ ಪಟ್ಟಿಯ ಕೆಳಗಿನಿಂದಲೇ ನಕ್ಕ. "ಅಳಬ್ಯಾಡ. ನೀ ಅತ್ತರ ನಂಗ ನಗಿ ಬರ್ತದ, ನಕ್ಕರ ಪರದಿ ಕಿತ್ತೀತು," ಎಂದ.

ಊಟದ ಹೊತ್ತಿಗೆ ಓಣಿಯಲ್ಲಿ ಗದ್ದಲ ಕೇಳಿಸಿತು. ಚಂದಮ್ಮ ಜಾಲಂದ್ರದಿಂದ ಇಣುಕಿ ನೋಡಿದಳು. ಹತ್ತು ಹದಿನೈದು ಜನ, ಎಲ್ಲ ಕಮಲಾಪುರದವರು, ಕೈಯಲ್ಲಿ ಕೊಡಲಿ, ಕುಡಗೋಲು. ಮಾಪಣ್ಣನ ಕೈಯಲ್ಲಿ ಚಿಮಣಿ ಎಣ್ಣೆಯ ಡಬ್ಬಿ. ಎಲ್ಲರ ಮುಂದೆ ಸಾಯಬಣ್ಣ, ಅವಳದೇ ಒಡಹುಟ್ಟಿದ ತಮ್ಮ.

ಯಾವ ಮಾತು ಇವರನ್ನು ಇಲ್ಲಿಗೆ ಕರೆತಂದಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಕದ ತೆರೆದು, ಹೊರಗೆ ನಿಂತು, ಅದನ್ನು ಬೆನ್ನ ಹಿಂದೆ ಎಳೆದು ಮುಚ್ಚಿಕೊಂಡಳು.

"ಅಕ್ಕಾ, ಬದೀಗಿ ಸರಿ," ಎಂದ ಸಾಯಬಣ್ಣ. "ಮಾವನ ಕಣ್ಣ ತೆಗದಾಕಿನ ಹೊರಗ ಕರಿ."

"ಯಾರೂ ತೆಗದಿಲ್ಲೋ. ನಾನೇ ಸಿಟ್ಟಿನಾಗ ಬಾಯಿಗೆ ಬಂದಂಗ ಅಂದಿದ್ದೆ. ಕಣ್ಣ ಅದ. ನಾಳಿ ಆಪರೇಶನ್ ಅದ."

"ಅವರ ಮನ್ಯಾಗ ಕುಂತು ನೀ ಮತ್ತೇನ ಹೇಳ್ತಿ?" ಎಂದ ಮಾಪಣ್ಣ. "ಅಂಜಿಸ್ಯಾರ ನಿನಗ."

"ಹಂಗಾರ ಒಬ್ಬಾತ ಒಳಗ ಬಂದು ನೋಡ್ರಿ."

"ಮಲಗಿದವರನ್ನ ನೋಡಿ ಏನ ಮಾಡೂದು?" ಸಾಯಬಣ್ಣನ ದನಿ ಏರಿತು. "ಕಣ್ಣ ಇದ್ದರ ಎದ್ದು ಬರಲಿ. ಒಬ್ಬೊಬ್ಬರ ಮಾರಿ ನೋಡಿ ಹೆಸರ ಹೇಳಲಿ. ಕಾಣ್ತದ ಅಂದರ ನಾವು ಸುಮ್ಮ ಹೋಗ್ತೀವಿ. ಇಲ್ಲಾಂದರ ಈ ಮನಿ ಇರಂಗಿಲ್ಲ."

ಎದ್ದು ಬರುವುದೊಂದನ್ನು ಬಿಟ್ಟು ಬೇರೆ ಏನನ್ನು ಕೇಳಿದ್ದರೂ ಚಂದಮ್ಮ ಕೊಡುತ್ತಿದ್ದಳು. ಅದನ್ನು ಇವರಿಗೆ ಹೇಗೆ ತಿಳಿಸಿ ಹೇಳುವುದು? ಅವಳಿಗೇ ತಿಳಿಯಲು ಎಷ್ಟು ದಿನ ಬೇಕಾಗಿತ್ತು. ಮಾಪಣ್ಣ ಆಗಲೇ ಡಬ್ಬಿಯ ಮುಚ್ಚಳ ತಿರುವುತ್ತಿದ್ದ. ಒಂದು ಗಳಿಗೆ ತಡೆಯಿರಿ ಎಂದು ಕೈಮುಗಿದು ಅವಳು ಒಳಗೆ ಓಡಿದಳು.

ಒಳಗೆ ಇಕ್ಬಾಲ್ ಬೇಗಂ ಟ್ರಂಕಿನ ಪಕ್ಕದಲ್ಲಿ ಮುದುಡಿ ಕೂತು ಏನೋ ಪಠಿಸುತ್ತಿದ್ದರು. ಮೆಹರುನ್ನಿಸಾ ಮಲ್ಲಣ್ಣನ ಎರಡೂ ಹೆಗಲು ಅದುಮಿ ಹಿಡಿದಿದ್ದರು. ಅವನು ಏಳಲು ನೋಡುತ್ತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಏಳಬ್ಯಾಡ್ರಿ," ಎನ್ನುತ್ತಿದ್ದರು ಡಾಕ್ಟರು. "ನಾ ಹೊರಗ ಹೋಗಿ ಮಾತಾಡ್ತೀನಿ. ನನ್ನನ್ನ ಏನ್ ಮಾಡ್ತಾರೋ ಮಾಡಲಿ."

"ನಿಮ್ಮನ್ನ ಕಡದು ಹಾಕಿದ ಮ್ಯಾಲ ನಾಳಿ ನನಗ ದವಾಖಾನಿಗೆ ಒಯ್ಯೋರು ಯಾರರೀ?" ಎಂದ ಮಲ್ಲಣ್ಣ. ದನಿ ಸಂತೆಯಲ್ಲಿ ದರ ಕುದುರಿಸುವವನ ದನಿಯಂತಿತ್ತು. "ಮಲಗಿದರೂ ಕಣ್ಣ ಹೋಗ್ತದ, ಎದ್ದರೂ ಹೋಗ್ತದ. ಎದ್ದರ ನೀವಾದರೂ ಉಳೀತೀರಿ. ಚಂದೀ, ಪಟ್ಟಿ ಬಿಚ್ಚು."

"ನನ್ನ ಕೈಲೆ ಆಗಂಗಿಲ್ಲರೀ."

"ಮತ್ಯಾರ ಕೈಲೆ ಬಿಚ್ಚಿಸ್ಲಿ?"

ಅವನಿಗೆ ಬಜಾರದ ಮಾತು ಗೊತ್ತಾಗಿದೆಯೆಂದು ಚಂದಮ್ಮನಿಗೆ ಅರಿವಾಯಿತು. ಬಾಗಿಲಲ್ಲಿ ತಾನೇ ಒಪ್ಪಿಕೊಂಡಿದ್ದಳಲ್ಲ. ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಯಲಿಲ್ಲ. ಅವಳು ಉಸುಕಿನ ಚೀಲ ಸರಿಸಿದಳು, ಗಂಟು ಬಿಚ್ಚಿದಳು. ತನ್ನ ನಾಲಿಗೆಯನ್ನು ತಾನೇ ಕಿತ್ತು ಎಸೆಯಬೇಕು ಅನಿಸಿತು.

ಮಲ್ಲಣ್ಣ ಅವಳ ತೋಳು ಹಿಡಿದು ಪಡಸಾಲೆಗೆ ಬಂದ. ಕಟ್ಟೆಯ ಅಂಚಿಗೆ ಬಂದಾಗ ತೋಳು ಬಿಟ್ಟ, ಒಬ್ಬನೇ ಮೆಟ್ಟಿಲು ಇಳಿದ. ಔಷಧಕ್ಕೆ ಅರಳಿದ್ದ ಕಣ್ಣಿಗೆ ಬಿಸಿಲು ರಾಚಿ ನೀರು ಸುರಿಯಿತು.

"ಈತ ದೇವಿಂದ್ರಪ್ಪ," ಎಂದ ಮೊದಲನೆಯವನ ಎದುರು ನಿಂತು. "ಅಂಗಿ ಗುಂಡಿ ಹರದಾವ, ಹೊಲಿಸ್ಕೋ."

ಯಾರೋ ನಕ್ಕರು. ಎರಡನೆಯವನು ಅಂಬಣ್ಣ. ಅವನ ರುಮಾಲಿನ ಬಣ್ಣವನ್ನೂ ಮಲ್ಲಣ್ಣ ಹೇಳಿದ. ಆದರೆ ಹೇಳುವಾಗ ಅವನ ಗದ್ದ ಎದೆಯ ಕಡೆಗೆ ಇಳಿದಿತ್ತು. ನೆರಳು ಕೆಳಗಿನಿಂದ ಏರುತ್ತಿದೆ, ಮೇಲೆ ಉಳಿದ ಚೂರು ಬೆಳಕಿನಲ್ಲಿ ಮುಖಗಳನ್ನು ಹಿಡಿಯಲು ತಲೆ ತಗ್ಗಿಸುತ್ತಿದ್ದಾನೆ ಎಂದು ಚಂದಮ್ಮನಿಗೆ ತಿಳಿಯಿತು. ಒಬ್ಬೊಬ್ಬರನ್ನು ದಾಟಿದ ಹಾಗೆ ಗದ್ದ ಮತ್ತಷ್ಟು ಇಳಿಯಿತು. ಮಾಪಣ್ಣನ ಮುಂದೆ ಬಂದಾಗ ಗದ್ದ ಎದೆಗೇ ಹತ್ತಿತ್ತು. ಮಾಪಣ್ಣ ಕೆಮ್ಮಿದ.

"ಮಾಪಣ್ಣ," ಎಂದ ಮಲ್ಲಣ್ಣ, ಕೆಮ್ಮಿದ ಮೇಲೆ.

ಆಮೇಲಿನವರನ್ನು ಅವನು ಮಾತಾಡಿಸುತ್ತ ಹೋದ. ಎಮ್ಮೆ ಈಯಿತೇನಪ್ಪ ಎಂದು ಒಬ್ಬನಿಗೆ, ತೊಗರಿ ಹೆಂಗದ ಎಂದು ಇನ್ನೊಬ್ಬನಿಗೆ. ಉತ್ತರ ಬಂದ ಮೇಲೆ ಹೆಸರು ಹಿಡಿದು ಕರೆದ. ಜನರಿಗೆ ಅದು ಊರಿನ ಮಾತಿನಂತೆ ಕೇಳಿಸಿ ಸಮಾಧಾನವಾಯಿತು. ಚಂದಮ್ಮನಿಗೆ ಮಾತ್ರ ಒಂದೊಂದು ಹೆಸರೂ ಏಟಿನಂತೆ ಬಿತ್ತು. ಅವನಿಗೆ ಈಗ ಯಾರೂ ಕಾಣುತ್ತಿರಲಿಲ್ಲ.

ಕೊನೆಗೆ ಸಾಯಬಣ್ಣ ಉಳಿದ. ಅವನು ಬೇಕೆಂದೇ ತುಟಿ ಬಿಗಿಹಿಡಿದು ನಿಂತಿದ್ದ. ಎಮ್ಮೆಯ ಮಾತಿಗೂ ತೊಗರಿಯ ಮಾತಿಗೂ ಬಾಯಿ ಬಿಡುವವನಲ್ಲ. ಮಲ್ಲಣ್ಣ ಅವನೆದುರು ನಿಂತ, ಬಾಯಿ ತೆರೆದ, ಮುಚ್ಚಿದ. ಮಾಪಣ್ಣ ಕತ್ತು ಚಾಚಿ ನೋಡಿದ.

"ಸಾಯಬಣ್ಣಾ," ಎಂದಳು ಚಂದಮ್ಮ. "ಮಾವನ ಎದುರಿಗೆ ಕಂಬ ನಿಂತಂಗ ನಿಂತೀಯಲ್ಲೋ. ಕಾಲ ಮುಟ್ಟೂದು ಮರ್ತೀಯೇನು?"

"ಸಾಯಬಣ್ಣಗ ಸೊಕ್ಕು ಬಂದದ ಬಿಡು," ಎಂದ ಮಲ್ಲಣ್ಣ ಒಡನೆಯೇ. ನಗುತ್ತ ಅವನ ಹೆಗಲ ಮೇಲೆ ಕೈಯಿಡಲು ಹೋದ. ಕೈ ಹೆಗಲಿನಿಂದ ಗೇಣುದ್ದ ಆಚೆ, ಬರೀ ಗಾಳಿಗೆ ಹೋಯಿತು.

ಸಾಯಬಣ್ಣ ಆ ಕೈಯನ್ನು ನೋಡಿದ, ಅಕ್ಕನ ಮುಖ ನೋಡಿದ. ಕೈ ಪೂರ್ತಿ ಕೆಳಗೆ ಬೀಳುವ ಮೊದಲೇ ಅರ್ಧ ಹೆಜ್ಜೆ ಸರಿದು ತನ್ನ ಹೆಗಲನ್ನು ಅದರ ಅಡಿಗೆ ತಂದ.

"ಕಾಣ್ತದಪ್ಪೋ," ಎಂದ ಹಿಂದಿರುಗಿ ನೋಡದೆ. "ಮಾವಗ ಎಲ್ಲಾ ಕಾಣ್ತದ. ನೀವು ಊರಿಗಿ ನಡೀರಿ. ಮಾಪಣ್ಣ, ಆ ಡಬ್ಬಿ ತಗೊಂಡು ಹೋಗು."

ಜನ ಕರಗಿದರು. ಓಣಿಯ ತಿರುವಿನಲ್ಲಿ ಕೊನೆಯ ರುಮಾಲು ಮರೆಯಾಗುವ ತನಕ ಸಾಯಬಣ್ಣ ಅಲುಗಾಡದೆ ನಿಂತಿದ್ದ, ಮಾವನ ಭಾರವೆಲ್ಲ ಅವನ ಮೇಲಿತ್ತು. ಆಮೇಲೆ ಸೊಂಟದ ಕುಡಗೋಲನ್ನು ಕಟ್ಟೆಯ ಮೇಲಿಟ್ಟು, ಬಾಗಿಲಲ್ಲಿ ನಿಂತಿದ್ದ ಮೆಹರುನ್ನಿಸಾರ ಮುಖ ನೋಡಲಾರದೆ ಅವರ ಪಾದ ನೋಡಿದ.

"ಬಾಯರೀ, ಮಾವಗ ಎಲ್ಲಿ ಮಲಗಸ್ಲಿ?" ಎಂದು ಕೇಳಿದ.