ಬಿಡುಗಡೆ ಬೇಡ ಎಂದ ಆರೋಪಿ

ಕೆಳಗೆ ಗಡಿಯಾರ ರಿಪೇರಿಯವನ ಅಂಗಡಿ, ಮೇಲೆ ಟೈಲರಮ್ಮನ ಒಂಟಿ ಸಂಸಾರ. ರಿಪೇರಿಯಾದ ಅಲಾರಾಂಗಳನ್ನೆಲ್ಲ ಅವನು ಬೆಳಕು ಹರಿಯುವ ಮುಂಚೆ ಒಟ್ಟಿಗೆ ಬಾರಿಸಿ ನೋಡುತ್ತಿದ್ದ. ಹೇಳಿ ಹೇಳಿ ಸಾಕಾದ ಟೈಲರಮ್ಮ ಕೋರ್ಟಿನಲ್ಲಿ ದೂರು ಕೊಟ್ಟೇಬಿಟ್ಟಳು.

ಅವನ ವಕೀಲರು ಅಕ್ಕನ ಗಂಡನೇ. "ಕೊಲೆ ಕೇಸಾದ್ರೆ ಸೆಷನ್ಸ್ ಕೋರ್ಟು, ವರ್ಷಗಟ್ಟಲೆ ಅಲೆದಾಟ. ನಿಂದು ಸಮನ್ಸ್ ಕೇಸು ಕಣೋ, ಚಿಕ್ಕದು. ತಪ್ಪಾಯ್ತು ಅಂತ ಒಪ್ಕೋ, ದಂಡ ಕಟ್ಟು, ಊಟದ ಹೊತ್ತಿಗೆ ಮನೇಲಿರ್ತೀಯ" ಎಂದರು ಭಾವ.

ಅವನೂ ಒಪ್ಪಿಕೊಳ್ಳಲೆಂದೇ ಹೋಗಿದ್ದ. ಆದರೆ ಕಾರಿಡಾರಿನಲ್ಲಿ ಬೇರೆಲ್ಲೂ ಜಾಗ ಸಿಗದೆ ಟೈಲರಮ್ಮ ಅವನ ಬೆಂಚಿಗೇ ಬಂದು ಕೂತಳು. ಅವನ ಅಂಗಿಯಲ್ಲಿ ಜೋತಾಡುತ್ತಿದ್ದ ಗುಂಡಿ ಕಣ್ಣಿಗೆ ಬಿತ್ತು. "ಇದನ್ನ ಹಾಕ್ಕೊಂಡು ಯಾರಾದ್ರೂ ಕೋರ್ಟಿಗೆ ಬರ್ತಾರಾ?" ಎಂದು ಗದರುತ್ತಲೇ ಚೀಲದಿಂದ ಸೂಜಿ ತೆಗೆದು ಹೊಲಿದಳು. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಹಾಗೆ ಗದರಿದವರೇ ಇರಲಿಲ್ಲ. ಆಸಾಮಿ ಕರಗಿ ನೀರಾದ.

ಒಳಗೆ ಮ್ಯಾಜಿಸ್ಟ್ರೇಟರು ಆರೋಪ ತಿಳಿಸಿ, "ತಪ್ಪು ಒಪ್ಕೋತೀರಾ?" ಎಂದರು.

"ಇಲ್ಲ ಸ್ವಾಮಿ!"

ಭಾವ ತಲೆ ಚಚ್ಚಿಕೊಂಡರು. ಒಪ್ಪದಿದ್ದರೆ ಸಾಕ್ಷಿ ವಿಚಾರಣೆ, ವಿಚಾರಣೆಗೆ ಇನ್ನೊಂದು ತಾರೀಖು, ತಾರೀಖಿಗೆ ಟೈಲರಮ್ಮ ಬರಲೇಬೇಕು. ಅಲ್ಲಿಂದಾಚೆ ನಮ್ಮ ಆರೋಪಿ ಪ್ರತಿ ಸಲವೂ ಒಂದು ಗುಂಡಿ ಸಡಿಲ ಮಾಡಿಕೊಂಡೇ ಹೊರಟ. ಪಾಪ, ಆ ಅಂಗಿಯಾದರೂ ಏನು ಮಾಡೀತು!

ಒಂದು ತಾರೀಖಿಗೆ ಅವಳು ಬರಲಿಲ್ಲ. ಜವಾನ ಬಾಗಿಲಲ್ಲಿ ನಿಂತು ಕೂಗಿದ್ದೇ ಕೂಗಿದ್ದು.

"ದೂರು ಕೊಟ್ಟವರೇ ಬಂದಿಲ್ಲ. ಇಂಥ ಕೇಸಲ್ಲಿ ಆರೋಪೀನ ಬಿಟ್ಟುಬಿಡಬಹುದು" ಎನ್ನುತ್ತ ಮ್ಯಾಜಿಸ್ಟ್ರೇಟರು ಪೆನ್ನು ತೆಗೆದರು. ಭಾವನ ಮುಖ ಅರಳಿತು. ಆರೋಪಿ ಗಾಬರಿಯಿಂದ ಮುಂದೆ ನುಗ್ಗಿದ. ಕೇಸು ಮುಗಿದರೆ ಬೆಂಚೂ ಮುಗಿದಂತೆಯೇ.

"ಬಿಡಬೇಡಿ ಸ್ವಾಮಿ! ಬಸ್ಸು ತಡ ಆಗಿರತ್ತೆ, ಅವರು ಬಂದೇ ಬರ್ತಾರೆ. ನನ್ನ ತಪ್ಪು ಸಣ್ಣದಲ್ಲ!"

"ಹಾಗಾದ್ರೆ ಒಪ್ಕೋತೀರಾ?"

"ಅಯ್ಯೋ, ಅದೊಂದು ಮಾತ್ರ ಇಲ್ಲ!"

ಕೋರ್ಟಿಗೆ ಕೋರ್ಟೇ ಗೊಳ್ಳೆಂದು ನಕ್ಕಿತು. ಅಷ್ಟರಲ್ಲಿ ಏದುಸಿರು ಬಿಡುತ್ತ ಟೈಲರಮ್ಮ ಬಾಗಿಲಿಗೆ ಬಂದಿದ್ದಳು. ಅವನ ಗೋಳಾಟವೆಲ್ಲ ಅವಳ ಕಿವಿಗೆ ಬಿದ್ದಿತ್ತು. ನೇರ ಮುಂದೆ ಬಂದು, "ದೂರು ವಾಪಸ್ ತಗೋತೀನಿ ಸ್ವಾಮಿ" ಎಂದಳು.

ಅವನ ಮುಖ ಬಾಡಿಹೋಯಿತು.

"ಯಾಕಮ್ಮಾ, ರಾಜಿ ಆಯ್ತಾ?" ಎಂದರು ಮ್ಯಾಜಿಸ್ಟ್ರೇಟರು.

"ರಾಜಿ ಗೀಜಿ ಏನಿಲ್ಲ." ಅವಳು ಅವನ ಅಂಗಿಯನ್ನೇ ನೋಡಿದಳು. "ತಾನಾಗೇ ಸಡಿಲ ಆದ ಗುಂಡಿ ಯಾವುದು, ಬೇಕಂತಲೇ ಎಳೆದಿದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ? ಇವರ ವಿಚಾರಣೆ ಇನ್ಮೇಲೆ ಮನೇಲೇ ಮಾಡ್ಕೋತೀನಿ."