ಬಿಸಿ ಕತ್ತಿಯ ಗೆರೆ

ಹಾಲೇಶಪ್ಪನ ಹೆಣವನ್ನು ಕೂರಿಸಿ ಕಟ್ಟಿದ್ದ ಕುರ್ಚಿಯನ್ನು ನಾಲ್ವರು ಎತ್ತಿ ಕ್ರೂಸರ್ ಗಾಡಿಯ ಹಿಂಬಾಗಿಲಿಗೆ ತಂದಾಗ, ಅವನ ಹೆಂಡತಿ ನಾಗಲಿಂಗಮ್ಮ ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದಳು. ದುಃಖಕ್ಕೆ ಕುಸಿದಳೆಂದು ಮಗಳು ಗಂಗಾಂಬಿಕಾ ಓಡಿಬಂದಳು.

"ಏಳವ್ವಾ, ಹೊತ್ತಾತು."

"ಕೈ ಬಿಡು. ಏ, ಕುರ್ಚಿ ಕೆಳಗ ಇಡ್ರಿ. ಈ ಗಾಡ್ಯಾಗ ಯಾರೂ ಹತ್ತಂಗಿಲ್ಲ."

ಹರಪನಹಳ್ಳಿಯಿಂದ ಹಡಗಲಿಗೆ ಹೋಗುವ ರಸ್ತೆಯಲ್ಲಿ ಮೂವತ್ತು ವರ್ಷ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದವನು ಹಾಲೇಶಪ್ಪ. ನಿನ್ನೆ ನಸುಕಿನಲ್ಲಿ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ. ಸವೆದ ಟೈರಿಗೆ ಗಾಳಿ ಹಾಕುವುದಿಲ್ಲ ಎಂದು ಊರಿನ ಅರ್ಧ ಡ್ರೈವರುಗಳ ಹತ್ತಿರ ಜಗಳ ಮಾಡಿಕೊಂಡಿದ್ದ ಮನುಷ್ಯ. ಬದುಕಿದ್ದಾಗ ಅವನನ್ನು ತಲೆಹರಟೆ ಎಂದು ಬೈದವರೇ ಈಗ ಅಂಗಳದಲ್ಲಿ ನಿಂತು, ಅಂಥ ಪ್ರಾಮಾಣಿಕ ಇನ್ನೊಬ್ಬ ಹುಟ್ಟುವುದಿಲ್ಲ ಎನ್ನುತ್ತಿದ್ದರು. ಈ ಮಾತು ಆಡಲು ಅವನು ಸಾಯುವ ತನಕ ಕಾಯಬೇಕಿತ್ತೇ ಇವರು?

ಮಣ್ಣು ಮಾಡಬೇಕಾದ ಹೊಲ ಆರು ಕಿಲೋಮೀಟರ್ ದೂರ. ಗಾಡಿ ಹಾಲೇಶಪ್ಪನ ತಮ್ಮ ಗುರುಬಸವರಾಜನದು. ಮಲ್ಲಿಗೆ ಬಿಡಿಸುವ ಹೆಂಗಸರನ್ನು ದಿನಾ ನಸುಕಿಗೆ ಹಡಗಲಿ ಕಡೆಯ ತೋಟಗಳಿಗೆ ಒಯ್ಯುವ ಗಾಡಿ ಅದು. ಆ ಹೆಂಗಸರಲ್ಲಿ ಒಬ್ಬಳಾದ ಅಂಜಿನಕ್ಕ ಆಗಲೇ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಏನಾತು ಅತ್ತಿಗಿ?" ಗುರುಬಸವರಾಜ ಬಂದ.

"ಈ ಟೈರು ಸವದೈತಿ."

"ಎಲ್ಲಿ ಸವದೈತಿ? ಗೆರಿ ನೋಡು, ಹೊಸಾವು ಇದ್ದಂಗ ಅದಾವು. ಅಣ್ಣ ಹೋಗ್ಯಾನ, ನಿನ್ನ ತಲಿ ನೆಟ್ಟಗಿಲ್ಲ ಈಗ. ನಡಿ."

ನಿಂತವರು ಬಗ್ಗಿ ನೋಡಿದರು. ಗೆರೆಗಳು ಆಳವಾಗಿ, ಕಪ್ಪು ಪಾಲಿಶ್ ಬಳಿದುಕೊಂಡು ಹೊಳೆಯುತ್ತಿದ್ದವು. ಹೌದಲ್ಲ, ಹೊಸವೇ, ಎಂದರು. ನಾಗಲಿಂಗಮ್ಮ ಅವರ ಮಾತಿಗೆ ಕಿವಿಗೊಡದೆ ಗೆರೆಯೊಳಗೆ ಉಗುರು ಹಾಕಿ ಎಳೆದಳು. ಟೈರು ಎಲ್ಲಿಯವರೆಗೆ ಸವೆಯಬಹುದು ಎಂದು ತೋರಿಸಲು ಕಂಪನಿಯವರು ಗೆರೆಯೊಳಗೆ ಸಣ್ಣ ಉಬ್ಬು ಬಿಟ್ಟಿರುತ್ತಾರೆ. ಆ ಉಬ್ಬುಗಳನ್ನೇ ಯಾರೋ ಕತ್ತರಿಸಿ ಹಾಕಿದ್ದರು. ತಳದಲ್ಲಿ ರಬ್ಬರ್ ಇರಲಿಲ್ಲ, ತಂತಿ ಉಗುರಿಗೆ ಚುಚ್ಚಿತು.

* * *

ಮದುವೆಯಾದ ಹೊಸದರಲ್ಲಿ ಹಾಲೇಶಪ್ಪನೂ ಈ ಕೆಲಸ ಮಾಡುತ್ತಿದ್ದ. ಕತ್ತಿಯನ್ನು ಕೆಂಪಗೆ ಕಾಯಿಸಿ, ನುಣ್ಣಗಾದ ಟೈರಿನಲ್ಲಿ ಹೊಸ ಗೆರೆ ಕೊರೆಯುವುದು. ನೋಡುವವರಿಗೆ ಹೊಸ ಟೈರು, ಓಡಿಸುವವರಿಗೆ ಸಾವು. ಟೈರನ್ನು ತಿರುಗಿಸಿ ಹಿಡಿಯುತ್ತಿದ್ದವಳು ನಾಗಲಿಂಗಮ್ಮ. ಅವನು ಎಡಚ. ಗೆರೆ ಮುಗಿಸಿ ಕತ್ತಿ ಎತ್ತುವಾಗ ಕೊನೆಯಲ್ಲಿ ಎಡಕ್ಕೊಂದು ಸಣ್ಣ ಕೊಕ್ಕೆ ಬೀಳುತ್ತಿತ್ತು.

ಒಂದು ದಿನ ಅವನು ಗೆರೆ ಕೊರೆದ ಜೀಪು ಹಲವಾಗಲಿನ ದಾರಿಯಲ್ಲಿ ಟೈರು ಸಿಡಿದು ಮಗುಚಿತು. ಎರಡು ಮಕ್ಕಳ ತಾಯಿಯೊಬ್ಬಳು ಸತ್ತಳು. ಯಾರೂ ಇವರನ್ನು ಕೇಳಲು ಬರಲಿಲ್ಲ. ನಾಗಲಿಂಗಮ್ಮನೇ ಕತ್ತಿಯನ್ನು ಬಾವಿಗೆ ಎಸೆದು ಬಂದು, ಗಂಡನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಇನ್ನೊಮ್ಮಿ ಗೆರಿ ಕೊರದ್ರ ನಾನು ಸತ್ತಂಗ. ಆಣಿ ಮಾಡ್ರಿ."

ಅವನು ಆಣೆ ಮಾಡಿದ್ದ.

* * *

ನಾಗಲಿಂಗಮ್ಮ ಗೆರೆಯ ಕೊನೆ ನೋಡಿದಳು. ಎಡಕ್ಕೆ ಕೊಕ್ಕೆ. ಇನ್ನೊಂದು ಗೆರೆ, ಅದಕ್ಕೂ ಕೊಕ್ಕೆ. ಆಚೆ ಬದಿಯ ಗಾಲಿಗೆ ಹೋಗಿ ನೋಡಿದಳು, ಅಲ್ಲೂ ಅದೇ.

ಗಂಡನದೇ ಕೈ. ಮೈದುನನ ತೋಳು ಹಿಡಿದು ಗೋಡೆಯ ಮರೆಗೆ ಎಳೆದುಕೊಂಡು ಹೋದಳು.

"ಯಾವಾಗ ಕೊರಿಸಿದಿ?"

ಗುರುಬಸವರಾಜ ನೆಲ ನೋಡಿದ. "ಆರ್‌ಟಿಓ ಆಫೀಸಿನ್ಯಾಗ ಎಫ್‌ಸಿಗೆ ಗಾಡಿ ತೋರಿಸಬೇಕಿತ್ತು ಅತ್ತಿಗಿ. ಅದೊಂದು ದಿನಕ್ಕ ಸಾಕು, ಮರುದಿನ ಬಿಚ್ಚಿ ಒಗಿತೀನಿ ಅಂತ ಅಣ್ಣನ ಕಾಲು ಹಿಡ್ಕಂಡೆ."

"ಎಷ್ಟು ದಿನ ಆತು?"

"ಒಂದು ತಿಂಗ್ಳು."

ಒಂದು ತಿಂಗಳು. ಒಂದು ತಿಂಗಳಿಂದ ಅವನು ನಸುಕಿಗೇ ಎದ್ದು ರಸ್ತೆಯಲ್ಲಿ ನಿಲ್ಲುತ್ತಿದ್ದ. ಚಹಾ ಆರಿಹೋಗುತ್ತಿತ್ತು. ಯಾರನ್ನು ಕಾಯುತ್ತೀರಿ ಎಂದರೆ, ಗಾಳಿಗೆ ನಿಂತೀನಿ, ಎನ್ನುತ್ತಿದ್ದ. ವಯಸ್ಸಾಯಿತು, ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದಳು ಇವಳು.

"ನಿನ್ನ ಗಾಡಿ ನಿಲ್ಸಾಕ ನಿಂತಿದ್ರೇನು ಅವ್ರು?"

"ಕೈ ಅಡ್ಡ ಹಾಕ್ತಿದ್ದ. ನಾನು... ಒಂದೆರಡು ಸಲ ನಿಲ್ಸಿ, ನಾಳೆ ಅಂದೆ. ಆಮೇಲೆ ನಿಲ್ಸಲಿಲ್ಲ."

"ನಿನ್ನೆ?"

ಅವನು ಮುಖ ಆಚೆ ತಿರುಗಿಸಿದ. ಮೆಲ್ಲಗೆ ಹೇಳಿದ: "ಬಾಯಿ ಬಿಟ್ರ ಹೋಗೋದು ಅಣ್ಣನ ಹೆಸರು ಅತ್ತಿಗಿ. ಮಂದಿ ಎಷ್ಟು ಹೊಗಳಾಕತ್ಯಾರ ಕೇಳು. ಆರೇ ಕಿಲೋಮೀಟರು, ಮೆಲ್ಲಕ ಹೊಡಿತೀನಿ."

ನಾಗಲಿಂಗಮ್ಮ ಕುರ್ಚಿಯ ಕಡೆ ನೋಡಿದಳು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಗಾಡಿಯೊಳಗೆ ಅಂಜಿನಕ್ಕನ ಮೊಮ್ಮಗಳು ಕಿಟಕಿಯಿಂದ ಕೈ ಹೊರಗೆ ಹಾಕಿ ಆಡುತ್ತಿದ್ದಳು.

"ಅಂಜಿನಕ್ಕ, ಇಳಿ," ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು. "ಈ ಗಾಡಿ ಹಿಂದಿನ ಟೈರಿನ್ಯಾಗ ರಬ್ಬರಿಲ್ಲ. ಕೊರದು ಹೊಸಾದು ಮಾಡ್ಯಾರ. ಕೊರದೋರು ಬ್ಯಾರೆ ಯಾರೂ ಅಲ್ಲ, ನಮ್ಮ ಯಜಮಾನ್ರು."

ಹೊಗಳುತ್ತಿದ್ದ ಬಾಯಿಗಳು ಮುಚ್ಚಿಕೊಂಡವು. ಅಂಜಿನಕ್ಕ ಮೊಮ್ಮಗಳನ್ನು ಅವುಚಿಕೊಂಡು ಇಳಿದು ನೇರ ಗುರುಬಸವರಾಜನ ಮುಂದೆ ನಿಂತಳು.

"ದಿನಾ ಹದಿನಾರು ಹೆಣ್ಮಕ್ಳು ಹೊಕ್ಕೀವಲ್ಲೋ ಇದ್ರಾಗ! ನಿನ್ನ ಹೆಂಡ್ತಿನ ಒಂದಿನ ಕುಂದ್ರಿಸಿದ್ದೇನು? ಹೇಳೋ!"

"ಅವ್ವಾ," ಗಂಗಾಂಬಿಕಾ ಅಳುತ್ತಿದ್ದಳು. "ಅಪ್ಪಗ ಇವತ್ತ ಹಿಂಗ ಅನ್ನಬೇಕಾ ನೀನು?"

"ಇವತ್ತ ಅನ್ನದ ಯಾವತ್ತ ಅನ್ಲಿ? ನಾಳಿಗೆ ಸಿಗ್ತಾರೇನು?"

ಅವಳು ಕುರ್ಚಿಯ ಮುಂದೆ ಹೋಗಿ ನಿಂತಳು. "ನನ್ನ ತಲಿ ಮುಟ್ಟಿ ಆಣಿ ಮಾಡಿದೋರು ನೀವು. ತಪ್ಪು ಮಾಡಿದ್ರಿ, ಬಂದು ಹೇಳಾಕ ಏನಾಗಿತ್ತು? ಜಗಳಾಡ್ತಿದ್ದೆ, ಹೌದು. ಜಗಳಾಡಿ ಇಬ್ರೂ ಹೋಗಿ ಆ ಟೈರ್ ಬಿಚ್ಚಿ ಒಗಿತಿದ್ವಿ. ಒಬ್ರ ನಿಂತು ಎದಿ ಒಡ್ಕಂಡ್ರಲ್ಲ, ನಾನು ಯಾಕ ಇದ್ದೆ ಈ ಮನ್ಯಾಗ?"

ಅವಳು ಗಾಡಿಯ ಕಡೆ ತಿರುಗಿದಳು. ಕಣ್ಣೊರೆಸಿಕೊಳ್ಳಲಿಲ್ಲ. ಸೊಂಟದ ಬೀಗದ ಕೈ ಗೊಂಚಲಿನಲ್ಲಿದ್ದ ಅಂಗಡಿಯ ಸಣ್ಣ ವಾಲ್ವ್ ಚಾವಿ ತೆಗೆದು, ಹಿಂದಿನ ಎರಡೂ ಗಾಲಿಗಳಲ್ಲಿ ಗಾಳಿ ಹಿಡಿದಿಡುವ ವಾಲ್ವಿನ ಪಿನ್ನು ತಿರುಗಿಸಿ ಕಿತ್ತು ಎಡ ಮುಷ್ಟಿಯಲ್ಲಿ ಹಿಡಿದಳು. ಗಾಳಿ ಬುಸ್ಸೆಂದು ಧೂಳೆಬ್ಬಿಸಿತು. ಗಾಡಿ ಮೆಲ್ಲಗೆ ಹಿಂದಕ್ಕೆ ಕುಸಿದು ಕೂತಿತು.

"ಕುರ್ಚಿಗೆ ಗಳ ಕಟ್ಟಿ ಹೊತ್ಕಂಡು ಹೋಗ್ರಿ. ಮುಂದಿನ ಗಳಕ್ಕ ಗುರು ಹೆಗಲು ಕೊಡ್ಲಿ."

ಆರು ಕಿಲೋಮೀಟರ್ ನಡೆದರು. ಬಿಸಿಲು ನೆತ್ತಿಗೆ ಬಂತು. ಉಳಿದ ಮೂವರ ಹೆಗಲು ದಾರಿಯುದ್ದಕ್ಕೂ ಬದಲಾಯಿತು. ಗುರುಬಸವರಾಜ ಎರಡು ಸಲ ಹಿಂತಿರುಗಿ ನೋಡಿದ, ಅವನ ಗಳ ಹಿಡಿಯಲು ಯಾರೂ ಮುಂದೆ ಬರಲಿಲ್ಲ.

ಹೊಲದಲ್ಲಿ ಹಾಲೇಶಪ್ಪನನ್ನು ಗುಂಡಿಯೊಳಗೆ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ಪತ್ರಿ ಹಾಕ್ರಿ ಎಂದರು. ಎಲ್ಲರೂ ಹಾಕಿದರು. ನಾಗಲಿಂಗಮ್ಮನೂ ಬಲಗೈಯಿಂದ ಪತ್ರಿ ಹಾಕಿದಳು. ಎಡಗೈ ಮುಷ್ಟಿ ಬಿಗಿಯಾಗಿಯೇ ಇತ್ತು.

ಗುರುಬಸವರಾಜ ಪಕ್ಕಕ್ಕೆ ಬಂದು ಅಂಗೈ ಚಾಚಿದ. "ಪಿನ್ನು ಕೊಡು ಅತ್ತಿಗಿ. ನಸುಕಿಗೆ ಗಾಡಿ ಬಿಡಬೇಕು."

ನಾಗಲಿಂಗಮ್ಮ ಅವನ ಮುಖ ನೋಡಿದಳು. ಗುಂಡಿಯ ಮೇಲೆ ಕೈ ನೀಡಿ ಮುಷ್ಟಿ ಬಿಚ್ಚಿದಳು. ಎರಡು ಪಿನ್ನುಗಳು ಪತ್ರಿಯ ನಡುವೆ ಗಂಡನ ಮಡಿಲಿಗೆ ಬಿದ್ದವು.

ಗುರುಬಸವರಾಜ ಚಾಚಿದ ಕೈ ಹಾಗೆಯೇ ಹಿಡಿದು ನಿಂತಿದ್ದ. ಅಂಜಿನಕ್ಕ ಬಗ್ಗಿ ಎರಡೂ ಕೈ ತುಂಬ ಮಣ್ಣು ಬಾಚಿ ಗುಂಡಿಗೆ ಹಾಕಿದಳು.