ಮುದುಕಿ ಕಲ್ಲಿನ ಬುಡದಲ್ಲಿ

ನನ್ನ ತಮ್ಮ ಜಾಂಟಿಗೆ ಬುದ್ಧಿ ಕಡಿಮೆ ಅಂತಲ್ಲ, ಹಟ ಜಾಸ್ತಿ. ಗಬ್ಬದ ಕುರಿಯೊಂದು ಕಲ್ಲಿನ ಬುಡದ ಗುಂಡಿಗೆ ಬಿದ್ದು ಒದ್ದಾಡುತ್ತಿತ್ತು. "ಇಳೀಬೇಡ ಕಣೋ, ಹಗ್ಗ ತರ್ತೀನಿ" ಎಂದು ನಾನು ಹೇಳಿ ಮುಗಿಸುವುದರೊಳಗೆ ಅವನು ಇಳಿದಾಗಿತ್ತು.

ಕಂಬ್ರಿಯಾ ಸೀಮೆಯ ನಮ್ಮ ಬೆಟ್ಟದ ನೆತ್ತಿಯಲ್ಲಿ ಹನ್ನೊಂದು ಕಲ್ಲುಗಳು ಸುತ್ತುಗಟ್ಟಿ ನಿಂತಿವೆ. ಅವುಗಳ ಸುತ್ತ ಕಂದಕ, ಅದರಾಚೆ ಮಣ್ಣಿನ ದಿಬ್ಬ. ಯಾವ ಕಾಲದವರು ನಿಲ್ಲಿಸಿದರೋ ಯಾರಿಗೆ ಗೊತ್ತು, ನಾವಂತೂ 'ಮುದುಕಿಯರು' ಅನ್ನುತ್ತೇವೆ. ಕುರಿಗಳಿಗೆ ಮೈ ತುರಿಸಿಕೊಳ್ಳಲು ಈ ಮುದುಕಿಯರೇ ಬೇಕು. ಅವು ಉಜ್ಜಿ ಉಜ್ಜಿ ಒಂದೊಂದು ಕಲ್ಲಿನ ಬುಡದಲ್ಲೂ ಗುಂಡಿ ಬಿದ್ದಿದೆ. ಜಾಂಟಿ ಕುರಿಯನ್ನು ಕೆಳಗಿನಿಂದ ಎತ್ತಿ ತಳ್ಳಿದ. ಅದು ಕಲ್ಲಿಗೆ ಒಂದು ಒದೆ ಕೊಟ್ಟು ಮೇಲೆ ಹಾರಿತು. ಮೊದಲೇ ವಾಲಿದ್ದ ಕಲ್ಲು ಸದ್ದಿಲ್ಲದೆ ಕುಸಿದು ಅವನ ತೊಡೆಯ ಮೇಲೆ ಕೂತಿತು.

ಎರಡು ದಿನದಿಂದ ಬಿಡದ ಮಳೆ. ಕಂದಕ ತುಂಬಿ, ನೀರು ಗುಂಡಿಗೆ ಹರಿಯುತ್ತಿತ್ತು. ಅರ್ಧ ಮಲಗಿದ್ದ ಜಾಂಟಿಗೆ ಆಗಲೇ ಹೊಟ್ಟೆಯವರೆಗೆ ನೀರು. ಹುಲ್ಲುಹೆಂಟೆ ಕಿತ್ತು ಒಡ್ಡು ಹಾಕಿದೆ, ನೀರು ಪಕ್ಕದಿಂದ ನುಗ್ಗಿತು. ಕಲ್ಲಿಗೆ ಭುಜ ಕೊಟ್ಟು ನೂಕಿದೆ, ಅದು ಅಲುಗಲಿಲ್ಲ. ಆ ನೆತ್ತಿಯಲ್ಲಿ ಫೋನಿಗೆ ಸಿಗ್ನಲ್ ಬಂದದ್ದನ್ನು ಯಾರೂ ಕಂಡಿಲ್ಲ. ಕಲ್ಲು ಬೀಳಿಸಿದ ಕುರಿ ಮಾತ್ರ ದಿಬ್ಬದ ಮೇಲೆ ನಿಂತು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ಮನೆಗೆ ಹೋಗಿ ಫೋನ್ ಮಾಡು ಹೆಟ್ಟಿ. ಆ ಲ್ಯಾಂಟಿ ಹತ್ರ ಮಾತ್ರ ಹೋಗ್ಬೇಡ."

"ಮನೆ ಒಂದೂವರೆ ಗಂಟೆ ದಾರಿ ಕಣೋ. ಲ್ಯಾಂಟಿ ಅಂಗಳ ಅರ್ಧ ಗಂಟೆ."

"ಅವನ ಕೈಲಿ ಬದುಕೋದಕ್ಕಿಂತ ಇಲ್ಲೇ ಇರ್ತೀನಿ."

"ಆಯ್ತಪ್ಪ ಮಹಾರಾಯ, ಮನೆಗೇ ಹೋಗ್ತೀನಿ" ಎಂದು ಸುಳ್ಳು ಹೇಳಿ ಓಡಿದೆ. ಬೆಟ್ಟದ ಬಡಗಣ ಇಳಿಜಾರು ನಮ್ಮದು, ತೆಂಕಣದ್ದು ಲ್ಯಾಂಟಿ ಫಿಯರನ್‌ದು. ನಾನು ತೆಂಕಣಕ್ಕೆ ತಿರುಗಿದೆ.

ನೂರು ಹೆಜ್ಜೆ ಹೋಗುವುದರೊಳಗೆ ಮಂಜು ಮುಚ್ಚಿಕೊಂಡಿತು. ಚಾಚಿದ ಕೈ ಕಾಣುತ್ತಿರಲಿಲ್ಲ. ಜವುಗು ತಪ್ಪಿಸಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿದೆ. ಆಮೇಲೆ ಯಾವ ದಿಕ್ಕು ಯಾವುದೆಂದು ದೇವರಿಗೇ ಗೊತ್ತು. ಇಂಥ ಹೊತ್ತಿನಲ್ಲಿ ನಮಗೆ ದಾರಿ ಹೇಳುವುದು ಕುರಿಗಳೇ. ಬೆಟ್ಟಕ್ಕೆ ಬೇಲಿಯಿಲ್ಲ, ಆದರೂ ತಾಯಿ ಮೇಯ್ದ ಜಾಗ ಬಿಟ್ಟು ಮರಿ ಬೇರೆ ಕಡೆ ಮೇಯುವುದಿಲ್ಲ. ಬೆನ್ನ ಮೇಲೆ ಕೆಂಪು ಬಣ್ಣ ಕಂಡರೆ ಅದು ನಮ್ಮ ನೆಲ, ನೀಲಿ ಕಂಡರೆ ಲ್ಯಾಂಟಿಯದು.

ಮಂಜಿನಲ್ಲಿ ಆರೇಳು ಕುರಿಗಳು ಕಂಡವು. ಎಲ್ಲವೂ ನೀಲಿ! ಹೋದ ಜೀವ ಬಂದಂತಾಯಿತು. ಲ್ಯಾಂಟಿಯ ಕಡೆ ಇಳಿಜಾರಿನಲ್ಲಿ ಕಣ್ಣು ಮುಚ್ಚಿ ಇಳಿದರೂ ಅವನ ಗೋಡೆಯೇ ಸಿಗುತ್ತದೆ. ದಡದಡನೆ ಇಳಿದೆ. ಇಳಿಜಾರು ಕಡಿದಾಗುತ್ತಾ ಹೋಯಿತು. ಕಾಲಿಗೆ ತಗಲಿ ಒಂದು ಕಲ್ಲು ಉರುಳಿತು, ಸ್ವಲ್ಪ ಹೊತ್ತು ಸದ್ದೇ ಇಲ್ಲ, ಆಮೇಲೆ ಎಲ್ಲೋ ಆಳದಲ್ಲಿ ಟಕ್ ಅಂತು.

ಲ್ಯಾಂಟಿಯ ಕಡೆ ಪ್ರಪಾತವಿಲ್ಲ. ಇರುವುದು ನಮ್ಮ ಕಡೆ.

ಕೂತುಬಿಟ್ಟೆ. ಪಕ್ಕದಲ್ಲೇ ಮೇಯುತ್ತಿದ್ದ ನೀಲಿ ಕುರಿಯ ಕೊಂಬು ಹಿಡಿದು ಎಳೆದು ಕಿವಿ ಸವರಿದೆ. ಬಣ್ಣ ಯಾರು ಬೇಕಾದರೂ ಬಳಿಯಬಹುದು, ಮರಿಯಲ್ಲೇ ಕಿವಿಗೆ ಹಾಕಿದ ಕತ್ತರಿ ಗುರುತು ಹೋಗುವುದಿಲ್ಲ. ಎಡಗಿವಿಯ ತುದಿ ಚೌಕವಾಗಿತ್ತು. ಅದು ನಮ್ಮ ಕತ್ತರಿ. ಹೋದ ವರ್ಷ ಲ್ಯಾಂಟಿಗೆ ಮಾರಿದ ಇಪ್ಪತ್ತು ಕುರಿಗಳಲ್ಲಿ ಕೆಲವು ಇವು. ಇಪ್ಪತ್ತೂ ಹುಟ್ಟಿದ ಜಾಗಕ್ಕೆ ತಾವೇ ನಡೆದು ಬಂದಿದ್ದವು. ಲ್ಯಾಂಟಿ ಮೂರು ಸಲ ಕೇಳಿ ಕಳಿಸಿದರೂ "ಅವು ತಮ್ಮ ಕಾಲಲ್ಲೇ ಬಂದ್ವು, ನಾನೇನು ಕರೆದ್ನಾ?" ಎಂದು ಜಾಂಟಿ ಹಿಂದಕ್ಕೆ ಅಟ್ಟಿರಲಿಲ್ಲ. ನಾನೂ ನಕ್ಕು ಸುಮ್ಮನಿದ್ದೆ. ಆ ನಗು ನೆನೆದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬೆನ್ನು ತಿರುಗಿಸಿ ನಾಲ್ಕು ಕಾಲಲ್ಲಿ ಹತ್ತಿದೆ. ನೆತ್ತಿ ದಾಟಿ ಆಚೆ ಇಳಿದು ಲ್ಯಾಂಟಿಯ ಗೋಡೆ ಮುಟ್ಟುವಾಗ ಅರ್ಧ ಗಂಟೆ ದಂಡವಾಗಿತ್ತು. ಅವನು ಕೊಟ್ಟಿಗೆಯಲ್ಲಿ ಮರಿಗೆ ಹಾಲು ಕುಡಿಸುತ್ತಿದ್ದ.

"ಓಹೋ, ಕುರಿಕಳ್ಳನ ಅಕ್ಕ! ಏನು, ಇಪ್ಪತ್ತನ್ನೂ ಹೊಡ್ಕೊಂಡು ಬಂದ್ಯಾ?"

"ಜಾಂಟಿ ಮುದುಕಿ ಕೆಳಗೆ ಸಿಕ್ಕೊಂಡಿದಾನೆ, ಲ್ಯಾಂಟಿ. ಗುಂಡಿಗೆ ನೀರು ತುಂಬ್ತಿದೆ."

ಅವನು ಮರಿಯನ್ನು ಹುಲ್ಲಿನ ಮೇಲಿಟ್ಟು, ಬೆಟ್ಟದ ರಕ್ಷಣೆಯವರಿಗೆ ಫೋನ್ ಮಾಡುವಂತೆ ಹೆಂಡತಿಗೆ ಕೂಗಿ ಹೇಳಿ, ಟ್ರ್ಯಾಕ್ಟರಿನ ಜಾಕನ್ನೂ ಎರಡು ಹಲಗೆಯನ್ನೂ ನಾಲ್ಕು ಗಾಲಿಯ ಬೈಕಿಗೆ ಎಸೆದ. ನಾನು ಹಿಂದೆ ಹತ್ತಿ ಕೂತೆ.

ಮುದುಕಿಯರು ಮಂಜಿನಿಂದ ಒಬ್ಬೊಬ್ಬರಾಗಿ ಎದ್ದು ಬಂದರು. "ಜಾಂಟೀ!" ಅಂದೆ. ನೀರಿನ ಮೇಲೆ ಅವನ ಮುಖವಷ್ಟೇ ಇತ್ತು. ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ, ಕತ್ತು ನಡುಗುತ್ತಿತ್ತು, ತುಟಿ ಕಪ್ಪಾಗಿತ್ತು.

ಲ್ಯಾಂಟಿ ಮೊದಲು ಕಲ್ಲಡಿಗೆ ಹಲಗೆ ತುರುಕಿದ, ಮೇಲೆ ಜಾಕ್ ಕೂರಿಸಿದ. ಆಮೇಲೆ ಜಾಂಟಿಯ ಹಿಂದೆ ಗುಂಡಿಗೆ ಇಳಿದು, ತೋಳಿನಡಿ ಕೈ ಹಾಕಿ, ಅವನ ತಲೆಯನ್ನು ತನ್ನ ಎದೆಯ ಮೇಲೆ ಎತ್ತಿಕೊಂಡ.

ಜಾಂಟಿ ಕಣ್ಣು ತೆರೆದ. "ನಿನ್ನನ್ಯಾರು... ಕರೆದ್ರು?"

"ಬಾಯಿ ಮುಚ್ಕೊಂಡು ಉಸಿರಾಡು."

ನಾನು ಜಾಕ್ ತಿರುಗಿಸಿದೆ. ಹಲಗೆ ಮೊದಲು ಕೆಸರಿಗೆ ಇಳಿಯಿತು, ಆಮೇಲೆ ನಿಂತಿತು. ಕಲ್ಲು ಒಂದು ಬೆರಳು ಎದ್ದಿತು. ಇನ್ನೊಂದು ಸುತ್ತು ತಿರುಗಿಸಿದಾಗ ಇಡೀ ಕಲ್ಲು ಅವರಿಬ್ಬರ ಕಡೆಗೆ ಜಾರಿತು.

"ಲ್ಯಾಂಟಿ, ಮೇಲೆ ಬಾ! ಇಬ್ರೂ ಹೋಗ್ತೀರಾ!"

"ತಿರುಗ್ಸೇ ಹೆಟ್ಟಿ! ನಿಲ್ಲಿಸ್ಬೇಡ!"

ತಿರುಗಿಸಿದೆ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ. ಲ್ಯಾಂಟಿ ಗರ್ಜಿಸಿ ಹಿಂದಕ್ಕೆ ಬಿದ್ದ, ಜಾಂಟಿ ಅವನ ಮೇಲೆ ಬಂದ, ಇಬ್ಬರೂ ಕೆಸರಲ್ಲಿ ಉರುಳಿ ಮೇಲೆ ಬಂದ ಮೇಲೆ ಜಾಕ್ ಸಿಡಿಯಿತು. ಕಲ್ಲು ಗುಂಡಿಗೆ ಕೂತು, ನೀರೆಲ್ಲ ನನ್ನ ಮುಖಕ್ಕೆ ಹಾರಿತು.

ಕೆಳಗಿನಿಂದ ಬೆಟ್ಟದ ರಕ್ಷಣೆಯವರು ಸ್ಟ್ರೆಚರ್ ತಂದರು. ಕಾಲು ಎರಡು ಕಡೆ ಮುರಿದಿದೆ, ಉಳಿಯುತ್ತದೆ ಅಂದರು. ಎತ್ತಿ ಮಲಗಿಸಲು ಹೋದರೆ ಆಗಲಿಲ್ಲ. ಜಾಂಟಿಯ ಪ್ರಜ್ಞೆ ತಪ್ಪಿತ್ತು, ಮುಷ್ಟಿ ಮಾತ್ರ ಲ್ಯಾಂಟಿಯ ಕೋಟಿನ ಎದೆ ಹಿಡಿದಿತ್ತು. ನಾನು ಬೆರಳು ಬಿಡಿಸಲು ನೋಡಿದೆ, ಅವರೂ ನೋಡಿದರು.

"ಬಿಡ್ರೋ, ನೋವಾಗುತ್ತೆ ಅವನಿಗೆ" ಅಂದ ಲ್ಯಾಂಟಿ. ಕೋಟಿನ ಒಂದೊಂದೇ ತೋಳಿನಿಂದ ಕೈ ಬಿಡಿಸಿ, ಅದನ್ನು ಜಾಂಟಿಯ ಕೈಯಲ್ಲೇ ಬಿಟ್ಟು, ಬರೀ ಅಂಗಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ಸ್ಟ್ರೆಚರಿನ ಒಂದು ಹಿಡಿಗೆ ಕೈ ಹಾಕಿದ.